ಹೊಸ ಬೋಟಿನ ವಾಸನೆ

ಫೆಬ್ರವರಿ ೬

ತಮ್ಮಾ,

ಒಡಹುಟ್ಟಿದವನಿಗೆ ದೂರು ಹೇಳಬೇಕಾದರೆ ಅಕ್ಕ ಕಾಗದ ಬರೆಯಬೇಕಂತೆ. ಫೋನ್ ಮಾಡಿದಾಗಲೆಲ್ಲ ನಿನ್ನ ಆಫೀಸಿನ ಹುಡುಗಿಯೇ ಎತ್ತುತ್ತಾಳೆ. "ಮೇಡಂ, ಬೋಟಿನ ಕಂಪ್ಲೇಂಟ್ ಏನಿದ್ರೂ ಬರೆದು ಕೊಡಬೇಕು, ಯಜಮಾನ್ರು ಹೊಸ ರೂಲ್ ಮಾಡಿದಾರೆ" ಅಂದಳು. "ನಾನು ಅವನ ಅಕ್ಕ ಕಣಮ್ಮಾ, ಎತ್ತಿ ಆಡಿಸಿದವಳು" ಅಂದೆ. "ಹಾಗಿದ್ರೆ ಅದನ್ನೂ ಬರೆದುಬಿಡಿ ಮೇಡಂ" ಅಂದಳು. ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಯಾಕೆ ಇಟ್ಟೆ ಅಂತ ನಿನಗೆ ಗೊತ್ತು. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ನೀನು ಕಟ್ಟಿ ಕಳಿಸಿದ ಫೈಬರ್ ಬೋಟು ದಡದಲ್ಲಿ ದಿಮ್ಮಿಗಳ ಮೇಲೆ ಕೂತಿದೆ. ನೀರಿಗೆ ಇಳಿಸಿಲ್ಲ. ಸೊಸೆ ಹಳೆಯ ಬೋಟಿನಲ್ಲೇ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದಾಳೆ. ಅದು ಸೋರುತ್ತದೆ. ಹತ್ತುವ ಜನ ಮೊದಲು ಚಪ್ಪಲಿ ಕೈಗೆ ತಗೊಂಡು ಆಮೇಲೆ ಟಿಕೆಟ್ ತಗೊಳ್ಳುತ್ತಾರೆ.

"ಬೋಟು ಕೊಳ್ಳೋರು ಬಣ್ಣ ನೋಡಿ ಮೋಸ ಹೋಗ್ತಾರೆ ಅಕ್ಕಾ, ನೀನು ಮುಚ್ಚಳ ಎತ್ತಿ ಹೊಟ್ಟೆ ನೋಡು" ಅಂತ ಹೇಳಿಕೊಟ್ಟವನು ನೀನೇ. ಹಾಗೇ ನೋಡಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಮೂತಿಯ ಹತ್ತಿರ ನಿಂತು ಪಕ್ಕೆಯ ಉದ್ದಕ್ಕೂ ಕಣ್ಣು ಹಾಯಿಸಿದೆ. ಕನ್ನಡಿಯ ಹಾಗಿರಬೇಕು ಅಂದಿದ್ದೆ. ಬಣ್ಣದ ಕೆಳಗಿಂದ ಗಾಜಿನ ನಾರಿನ ನೇಯ್ಗೆ ಗೋಣಿಚೀಲದ ಹಾಗೆ ಎದ್ದು ಕಾಣುತ್ತಿದೆ. ನೋವಿಲ್ಲದ ಮೊಣಕಾಲಿನಿಂದ ಪಕ್ಕೆಯನ್ನು ಒತ್ತಿದೆ. ಎಣ್ಣೆ ಡಬ್ಬದ ಹಾಗೆ ಒಳಗೆ ಹೋಗಿ ಹೊರಗೆ ಬಂತು. ನಾಣ್ಯದಿಂದ ಬಡಿಯುತ್ತಾ ಹೋದೆ. ಮುಂದೆಲ್ಲ ಟಣ್ ಟಣ್, ಹಿಂದೆ ಎಂಜಿನ್ ಕೂರುವ ಕಡೆ ಬರೀ ಡೊಬ್ ಡೊಬ್.

ಅವೆಲ್ಲ ಆಮೇಲೆ ಮಾತಾಡೋಣ. ಮುಖ್ಯ ಮಾತು ವಾಸನೆ. ಸೀಟಿನ ಕೆಳಗಿನ ಪೆಟ್ಟಿಗೆ ತೆರೆದರೆ ಕಣ್ಣಲ್ಲಿ ನೀರು ಬರುತ್ತದೆ. ನಾರನ್ನು ಹಿಡಿದಿಡುವ ರೆಸಿನ್ ಅಂಟು ಬಲಿತಿಲ್ಲ, ಹಸಿ ಇದೆ. ಲಾರಿಯ ಜೊತೆ ಬಂದ ದಿನ ಆ ಪೆಟ್ಟಿಗೆಯೊಳಗೆ ತಲೆ ಹಾಕಿ ನೀನು ಉದ್ದಕ್ಕೆ ಉಸಿರೆಳೆದುಕೊಂಡೆ. ಸೊಸೆ ಪಕ್ಕದಲ್ಲೇ ಮೂಗು ಮುಚ್ಚಿಕೊಂಡು ನಿಂತಿದ್ದಳು. ನೀನು ತಲೆ ಎತ್ತಿ, "ವಾಸನೆ ಎಲ್ಲಿದೆ ಅಕ್ಕಾ?" ಅಂದೆ. ನಗುತ್ತಾ ಅಂದೆ.

ಮನೆಗೆ ಬಂದವನ ಎದುರು ಜಗಳ ಬೇಡ ಅಂತ ಅವತ್ತು ಸುಮ್ಮನಿದ್ದೆ. ಈಗ ಹೇಳು, ಏನು ಮಾಡುತ್ತೀ?

ನಿನ್ನ ಅಕ್ಕ


ಫೆಬ್ರವರಿ ೧೭

ಮಾನ್ಯರೇ,

ತಮ್ಮ ದೂರು ತಲುಪಿದೆ. ಹೊಸ ಫೈಬರ್ ಬೋಟುಗಳಲ್ಲಿ ಆರಂಭದ ವಾರಗಳಲ್ಲಿ ಅಲ್ಪ ಪ್ರಮಾಣದ ವಾಸನೆ ಸಹಜ. ಎಲ್ಲ ಮುಚ್ಚಳಗಳನ್ನು ತೆರೆದಿಟ್ಟು ಗಾಳಿ ಮತ್ತು ಬಿಸಿಲು ತಾಗುವಂತೆ ಮಾಡುವುದು. ಒಳಮೈಯಲ್ಲಿ ತುಸು ಅಂಟು ಇರುವುದೂ ಸಹಜ. ನೇಯ್ಗೆಯ ಗುರುತು ನೋಟಕ್ಕೆ ಸಂಬಂಧಿಸಿದ್ದೇ ಹೊರತು ಬಲಕ್ಕೆ ಸಂಬಂಧಿಸಿದ್ದಲ್ಲ.

ತಮ್ಮ ವಿಶ್ವಾಸಿ,
ಬೋಟು ಕಾರ್ಖಾನೆಯ ಪರವಾಗಿ

ಅಕ್ಕಾ, ಮೇಲಿನದು ಆಫೀಸಿನವರು ಟೈಪ್ ಮಾಡಿದ್ದು. ಕೋಪ ಮಾಡಿಕೊಳ್ಳಬೇಡ. ಕೆಲಸ ಜಾಸ್ತಿಯಾಗಿದೆ, ಫೋನ್ ಎತ್ತಿದರೆ ಇಳಿಸುವ ಹೊತ್ತಿಗೆ ಸಂಜೆಯಾಗಿರುತ್ತದೆ. ನಿನ್ನ ಬೋಟನ್ನು ಅಚ್ಚಿನಿಂದ ಬಿಡಿಸುವ ಮೊದಲು ನಾನೇ ಮೂಸಿ ನೋಡಿದ್ದೇನೆ. ನಮ್ಮಲ್ಲಿ ಅದೇ ಪದ್ಧತಿ, ನಿನಗೆ ಗೊತ್ತಲ್ಲ. ಬೆಳಿಗ್ಗೆ ಅಚ್ಚಿನೊಳಗೆ ತಲೆ ಹಾಕಿ ನಾನು "ಆಯ್ತು" ಅಂದರೆ ಎತ್ತುತ್ತಾರೆ, "ಹಸಿ" ಅಂದರೆ ಕಾಯುತ್ತಾರೆ. "ಬೇರೆಯವ್ರ ಹತ್ರ ಮೀಟರ್ ಇದೆ, ನಮ್ಮ ಹತ್ರ ಯಜಮಾನ್ರ ಮೂಗಿದೆ" ಅಂತ ಮೇಸ್ತ್ರಿ ಬಂದವರಿಗೆಲ್ಲ ಹೇಳುತ್ತಾನೆ. ಆ ಮೂಗು ಹಸಿ ಬೋಟನ್ನು ಅಕ್ಕನ ಮನೆಗೆ ಕಳಿಸುತ್ತದೆಯೇ? ನೀನು ಮೊದಲಿಂದಲೂ ಸೂಕ್ಷ್ಮ. ಪಕ್ಕದ ಮನೆಯವರು ಸೋಪು ಬದಲಾಯಿಸಿದರೂ ನಿನಗೆ ತಲೆನೋವು.

ಮೊಣಕಾಲಿಗೆ ಬಿಸಿ ನೀರಿನ ಶಾಖ ಕೊಡು.

ತಮ್ಮ


ಮಾರ್ಚ್ ೨

ತಮ್ಮಾ,

"ಮಾನ್ಯರೇ" ಕಾಗದವನ್ನು ಸೊಸೆ ಜೋರಾಗಿ ಓದಿದಳು. "ಅತ್ತೆ, ಯಾರೋ ದೊಡ್ಡ ಮನುಷ್ಯರಿಗೆ ಬರೆದದ್ದು ತಪ್ಪಿ ನಮ್ಮ ಮನೆಗೆ ಬಂದಿದೆ" ಅಂದಳು.

ಮುಚ್ಚಳ ಎಲ್ಲ ತೆಗೆದು ಬಿಸಿಲಿಗೆ ಬಿಟ್ಟೆ. ಬೀದಿಯ ಬೆಕ್ಕು ಒಂದು ಸಲ ಹತ್ತಿ, ಸೀನಿ, ಇಳಿದು ಹೋದದ್ದು ಮತ್ತೆ ಬರಲಿಲ್ಲ. ನನ್ನ ಗಂಡನ ಅಣ್ಣ ನೋಡಲು ಬಂದರು. ಹುಟ್ಟಿದಾಗಿನಿಂದ ಮರದ ದೋಣಿ ನಡೆಸಿದವರು. "ಮೂರು ದಿನ ನೀರು ತುಂಬಿಸಿಡು, ಹಲಗೆ ಕುಡಿದು ಉಬ್ಬಿ ಎಲ್ಲ ಸರಿಹೋಗುತ್ತೆ" ಅಂದರು. "ಭಾವ, ಇದರಲ್ಲಿ ಹಲಗೆಯೇ ಇಲ್ಲ" ಅಂದೆ. "ಹಲಗೆಯೇ ಇಲ್ದೆ ಇದ್ಮೇಲೆ ಏನನ್ನ ಕೊಂಡುಕೊಂಡೆ ನೀನು?" ಅಂದರು. ಆ ಪ್ರಶ್ನೆ ನನಗೂ ಇದೆ.

ಸೊಸೆಯ ಹತ್ತಿರ ಉಗುರುಬಣ್ಣ ಅಳಿಸುವ ಸೀಸೆ ಇತ್ತು. ಬೋಟು ಓಡಿಸುವವಳಿಗೆ ಉಗುರುಬಣ್ಣ ಯಾಕೆ ಅಂತ ಬಯ್ಯುತ್ತಿದ್ದೆ, ಉಪಯೋಗಕ್ಕೆ ಬಂತು. ನಿನ್ನ ಶೆಡ್ಡಿನಲ್ಲಿ ಬ್ರಷ್ ತೊಳೆಯುವ ಅಸಿಟೋನ್ ಕೂಡ ಅದೇ ತಾನೆ? ಹತ್ತಿ ಅದ್ದಿ ಪೆಟ್ಟಿಗೆಯ ಒಳಮೈ ಒರೆಸಿದೆ. ಬಲಿತ ರೆಸಿನ್ ಆದರೆ ಹತ್ತಿ ಜಾರಬೇಕು. ಇಲ್ಲಿ ಅಂಟಿಕೊಂಡು ಬೋಟಿಗೆ ಗಡ್ಡ ಬಂತು. ಒಳಮೈ ಅಂಟು ಸಹಜ ಅಂತೀಯಲ್ಲ, ಮೇಲಿನದನ್ನು ಕೆರೆದು ತೆಗೆದು ಮತ್ತೆ ಒರೆಸಿದೆ. ಮತ್ತೆ ಗಡ್ಡ. ಉಗುರು ಒತ್ತಿದರೆ ಗುರುತು ಉಳಿಯಿತು. ಇದು ಸಹಜವೇ?

ನಿನಗೆ ಗೊತ್ತಿಲ್ಲದ್ದನ್ನು ನಾನು ಹೇಳುತ್ತಿಲ್ಲ. ಹಸಿ ರೆಸಿನ್ ಮೇಲೆ ಎಂಜಿನ್ ಕೂರಿಸಿ ಅಲೆಯ ಮೇಲೆ ಓಡಿಸಿದರೆ ಪದರ ಪದರವಾಗಿ ಬಿಡುತ್ತದೆ. ತಳ ಬಿಟ್ಟುಕೊಳ್ಳುವುದು ದಡದಲ್ಲಿದ್ದಾಗ ಅಲ್ಲ, ನಡುನೀರಿನಲ್ಲಿ. ಆಗ ಚುಕ್ಕಾಣಿ ಹಿಡಿದಿರುವವಳು ನನ್ನ ಸೊಸೆ. ಇಷ್ಟು ಗೊತ್ತಿದ್ದೂ ಪೆಟ್ಟಿಗೆಯೊಳಗೆ ತಲೆ ಹಾಕಿ ನನ್ನ ಮುಖ ನೋಡಿ ಸುಳ್ಳು ಹೇಳಿದೆಯಲ್ಲ, ಅದು ನನಗೆ ಜೀರ್ಣವಾಗುತ್ತಿಲ್ಲ. ಬೋಟು ಕೆಟ್ಟದ್ದಾಗಬಹುದು. ಯಾರ ಕೈಯಲ್ಲಾದರೂ ಆಗುತ್ತದೆ. "ಅಕ್ಕಾ, ಕೆಟ್ಟಿದೆ, ವಾಪಸ್ ತಗೊಂಡು ಹೋಗ್ತೀನಿ" ಅಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಒಂದು ಲೋಟ ಕಾಫಿ ಕೊಟ್ಟು ಕಳಿಸುತ್ತಿದ್ದೆ.

ಜಗಳ ಆಡಲು ಶಕ್ತಿಯಿಲ್ಲ ನನಗೆ. ಲಾರಿ ಕಳಿಸು, ಬೋಟು ತಗೊಂಡು ಹೋಗು. ನೀನು ಜೊತೆಗೆ ಬರುವುದು ಬೇಡ.

ಅಕ್ಕ


ಮಾರ್ಚ್ ೧೫

ಅತ್ತಿಗೆಗೆ ನಮಸ್ಕಾರ.

ನಾನು ಬರೆಯುತ್ತಿರುವುದು ನಿಮ್ಮ ತಮ್ಮನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ನಿಮ್ಮ ಕಾಗದವನ್ನು ಅವರು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಾರೆ. ಒಗೆಯಲು ತೆಗೆದಾಗ ಓದಿದೆ, ಕ್ಷಮಿಸಿ.

ಅವರು ಸುಳ್ಳು ಹೇಳಿಲ್ಲ ಅತ್ತಿಗೆ. ಅವರಿಗೆ ವಾಸನೆಯೇ ಗೊತ್ತಾಗುವುದಿಲ್ಲ.

ಮೊದಲು ನನಗೂ ತಿಳಿಯಲಿಲ್ಲ. ಊಟಕ್ಕೆ ಕೂತರೆ, "ಇತ್ತೀಚೆಗೆ ನೀನು ಉಪ್ಪು ಖಾರ ಹಾಕೋದನ್ನೇ ಬಿಟ್ಬಿಟ್ಟಿದೀಯ" ಅಂತ ರೇಗುತ್ತಿದ್ದರು. ನನ್ನ ಕೈಯೇ ಕೆಟ್ಟಿತೇನೋ ಅಂದುಕೊಂಡೆ. ಒಂದು ದಿನ ಹಾಲು ಒಲೆಯ ಮೇಲಿಟ್ಟು, ನೋಡಿಕೊಳ್ಳಿ ಅಂತ ಹೇಳಿ ಮಹಡಿಗೆ ಬಟ್ಟೆ ಹರವಲು ಹೋದೆ. ಇಳಿದು ಬರುವಾಗ ಮೆಟ್ಟಿಲಲ್ಲೇ ಸೀದ ವಾಸನೆ. ಪಾತ್ರೆ ಕರಕಲಾಗಿತ್ತು. ಇವರು ಒಲೆಗೆ ಬೆನ್ನು ಹಾಕಿ ಆರಾಮಾಗಿ ಪೇಪರ್ ಓದುತ್ತಿದ್ದರು. "ಏನ್ರೀ ಇದು?" ಅಂದೆ. ತಿರುಗಿ ನೋಡಿದಾಗ ಅವರ ಮುಖ ನೋಡಲಾಗಲಿಲ್ಲ ನನಗೆ. "ಶೀತ ಆಗಿದೆ" ಅಂದರು. ವರ್ಷ ತುಂಬಿತು. ವರ್ಷವಿಡೀ ಇರುವ ಶೀತ ಯಾವುದು ಅತ್ತಿಗೆ? ಡಾಕ್ಟರ ಹತ್ತಿರ ಹೋಗೋಣ ಅಂದರೆ ಊರಿಗೆಲ್ಲ ಗೊತ್ತಾಗುತ್ತದೆ ಅನ್ನುತ್ತಾರೆ.

ಇಷ್ಟು ಕಾಲ ಆ ಗಾಳಿಯಲ್ಲೇ ಕೆಲಸ ಮಾಡಿದರಲ್ಲ. ಮುಖಕ್ಕೆ ಕಟ್ಟಿಕೊಳ್ಳುವುದನ್ನು ಕೊಟ್ಟರೆ, "ಮೂಗು ಮುಚ್ಚಿಕೊಂಡ್ರೆ ಬೋಟು ನೋಡೋದು ಹೇಗೆ?" ಅನ್ನುತ್ತಿದ್ದರು.

ಬೆಳಿಗ್ಗೆ ಈಗಲೂ ಶೆಡ್ಡಿಗೆ ಹೋಗುತ್ತಾರೆ. ಅಚ್ಚಿನೊಳಗೆ ತಲೆ ಹಾಕುತ್ತಾರೆ. ಕೆಲಸದವರು ಸುತ್ತ ನಿಂತು ಕಾಯುತ್ತಾರೆ. ಇವರು "ಆಯ್ತು" ಅನ್ನುತ್ತಾರೆ. ದಿನವಿಡೀ ಅದೇ ಗಾಳಿ ಕುಡಿಯುವ ಕೆಲಸದವರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾದರೂ ಯಜಮಾನರ ಮೂಗಿಗೆ ಎದುರಾಡುವವರು ಯಾರು?

ನೀವು ಬಯ್ದದ್ದಕ್ಕೆ ಅವರು ತಿರುಗಿ ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಏನು ಮಾಡಬೇಕೋ ನನಗೆ ತೋಚುತ್ತಿಲ್ಲ. ನನ್ನ ಹೆಸರು ಮಾತ್ರ ತರಬೇಡಿ.

ನಿಮ್ಮ ತಮ್ಮನ ಹೆಂಡತಿ


ಮಾರ್ಚ್ ೨೬

ತಮ್ಮಾ,

ಲಾರಿ ಬರಲಿಲ್ಲ. ಸರಿ, ಇರಲಿ.

ಜೊತೆಗೆ ಎರಡು ಚಿಕ್ಕ ಗಂಟು ಕಳಿಸಿದ್ದೇನೆ. ಬಟ್ಟೆ ಸುತ್ತಿ ಹೊಲಿದಿದ್ದೇನೆ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ. ಒಂದರಲ್ಲಿ ಹೊಸ ಬೋಟಿನ ಪೆಟ್ಟಿಗೆಯಿಂದ ಗರಗಸದಲ್ಲಿ ಕೊಯ್ದ ಚೂರಿದೆ. ಇನ್ನೊಂದರಲ್ಲಿ ಹಳೆಯ ಬೋಟಿನದು ಅಂತ ತಿಳಿದುಕೋ. ನೀನೇ ಕೈಯಾರೆ ಪದರ ಹಾಕಿ ಕಟ್ಟಿದ್ದು ಅದು, ಆಗ ನಿನಗೆ ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಮೂಸಿ ನೋಡು. ಯಾವುದು ಹೊಸದು ಅಂತ ಬರೆ. ಹೊಲಿಗೆ ಬಿಚ್ಚಬೇಡ, ಹಾಗೇ ವಾಪಸ್ ಕಳಿಸು.

ನನ್ನ ಮೂಗು ಸೂಕ್ಷ್ಮವೋ ನಿನ್ನ ಮೂಗು ಸರಿಯೋ ಗೊತ್ತಾಗಲಿ. ಇದೇನು ಮಕ್ಕಳಾಟ ಅಂತ ನಗಬೇಡ. ಸೊಸೆ ಆಗಲೇ ನಕ್ಕಾಯಿತು.

ನೆತ್ತಿಗೆ ಎಣ್ಣೆ ಹಚ್ಚಿಕೋ. ರಾತ್ರಿ ನಿದ್ದೆ ಬರುತ್ತದೆಯೇ?

ಅಕ್ಕ


ಏಪ್ರಿಲ್ ೭

ಅಕ್ಕಾ,

ನಿನ್ನ ಕಾಗದ ನೋಡಿ ಜೀವ ಬಂತು. ಇನ್ನು ಮಾತೇ ಆಡುವುದಿಲ್ಲವೇನೋ ಅಂದುಕೊಂಡಿದ್ದೆ.

ಗಂಟು ನೋಡಿದೆ. ಕೆಂಪು ದಾರದ್ದು ಹೊಸದು. ಸ್ವಲ್ಪ ವಾಸನೆ ಇದೆ, ಹೊಸ ಬೋಟಿಗೆ ಇರಬೇಕಾದಷ್ಟೇ. ಬಿಳಿಯದರಲ್ಲಿ ಏನೇನೂ ಇಲ್ಲ, ಹಳೆಯ ಮಾಲು, ಕಲ್ಲಿನ ಹಾಗೆ ಬಲಿತಿದೆ. ಸರಿ ತಾನೆ? ಈಗಲಾದರೂ ನಂಬುತ್ತೀಯಾ?

ಆದರೂ ನಿನ್ನ ಮನಸ್ಸಿಗೆ ಸಮಾಧಾನ ಆಗಲಿ ಅಂತ ಮೇಸ್ತ್ರಿಯನ್ನು ಕಳಿಸುತ್ತೇನೆ. ಪಕ್ಕೆ ಉಜ್ಜಿ ಇನ್ನೊಂದು ಕೋಟ್ ಬಣ್ಣ ಹೊಡೆಯುತ್ತಾನೆ. ನೇಯ್ಗೆ ಕಾಣುವುದಿಲ್ಲ. ನಿನ್ನದರ ಜೊತೆಗೇ, ಅದೇ ಚಳಿಯಲ್ಲಿ ಇನ್ನೆರಡು ಬೋಟು ಕಟ್ಟಿದೆವು. ಒಂದು ದ್ವೀಪದ ಆಸ್ಪತ್ರೆಗೆ ಹೋಯಿತು, ರೋಗಿಗಳನ್ನು ಈಚೆ ತರಲು. ಇನ್ನೊಂದು ಗಂಡ ಹೆಂಡತಿ ಇಬ್ಬರು ಸೇರಿ ಪ್ರವಾಸಿಗರನ್ನು ಗಾಳ ಹಾಕಿ ಮೀನು ಹಿಡಿಯಲು ಕರೆದೊಯ್ಯುವ ಬೋಟು. ಅವರಿಂದ ಒಂದು ಮಾತೂ ಬಂದಿಲ್ಲ. ಹೊಸ ಆರ್ಡರ್ ಮೂರು ಬಂದಿವೆ. ಮೊದಲನೆಯದು ಅಚ್ಚಿನಲ್ಲಿದೆ.

ನಿದ್ದೆ ಬರುತ್ತದೆ. ಯಾಕೆ ಕೇಳಿದೆ?

ತಮ್ಮ


ಏಪ್ರಿಲ್ ೧೬

ತಮ್ಮಾ,

ಗಂಟು ವಾಪಸ್ ಬಂದವು. ಹೊಲಿಗೆ ಬಿಚ್ಚಿರಲಿಲ್ಲ. ಬಿಚ್ಚಿ ನೋಡಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನೀನು ಬಿಚ್ಚಲಿಲ್ಲ. ನೀನು ಮೋಸಗಾರನಲ್ಲ.

ಎರಡರಲ್ಲೂ ಇದ್ದದ್ದು ಹೊಸ ಬೋಟಿನ ಚೂರೇ. ಆ ಪೆಟ್ಟಿಗೆಯ ಒಂದೇ ಮುಚ್ಚಳದಿಂದ ಕೊಯ್ದದ್ದು. ಹೊಲಿಯುವಾಗ ಸೊಸೆ ಕಿಟಕಿ ತೆರೆದಿಟ್ಟು ಕೂತಳು. ಅಂಚೆಯವನು, "ಏನಜ್ಜೀ, ಬಣ್ಣದ ಅಂಗಡಿ ಪಾರ್ಸೆಲ್ ಮಾಡ್ತಿದೀರಾ?" ಅಂದ. ನೀನು ಬಿಳಿಯದರಲ್ಲಿ ಏನೇನೂ ಇಲ್ಲ ಅಂತ ಬರೆದೆ.

ಯಾರೂ ನನಗೆ ಏನೂ ಹೇಳಿಲ್ಲ. ನಾನೇ ಕಂಡುಕೊಂಡದ್ದು. ಪೆಟ್ಟಿಗೆಯೊಳಗೆ ಅಷ್ಟು ಹೊತ್ತು ತಲೆ ಇಟ್ಟವನ ಕಣ್ಣಲ್ಲಿ ನೀರೂ ಬರಲಿಲ್ಲ, ಕೆಮ್ಮೂ ಬರಲಿಲ್ಲ ಅಂತ ಆಮೇಲೆ ಯೋಚನೆ ಮಾಡಿದೆ. ಅಷ್ಟೆ. ಇದಕ್ಕೆ ಮನೆಯಲ್ಲಿ ಯಾರ ಮೇಲೂ ಹಾರಾಡಬೇಡ.

ಸುಳ್ಳು ಹೇಳಿದೆ ಅಂತ ನಿನ್ನನ್ನು ಬಯ್ದಿದ್ದೆ. ಆ ಮಾತನ್ನು ವಾಪಸ್ ತಗೊಂಡಿದ್ದೇನೆ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಆದರೆ ಅವತ್ತು ನೀನು ಹೇಳಿದ್ದು ಸುಳ್ಳಲ್ಲದಿದ್ದರೂ, ಗೊತ್ತಾಗುತ್ತದೆ ಅಂತ ದಿನಾ ಬೆಳಿಗ್ಗೆ ಕೆಲಸದವರ ಮುಂದೆ ತಲೆ ಹಾಕಿ ನಿಲ್ಲುತ್ತೀಯಲ್ಲ, ಅದು ಏನು? ನಿನಗೇ ಬಿಟ್ಟಿದ್ದೇನೆ.

ಬಂದರಿನ ತಪಾಸಣೆಯವನನ್ನು ಕರೆಸಿದ್ದೆ. ಅಂಗೈ ಅಗಲದ ಒಂದು ಉಪಕರಣ ತಂದಿದ್ದ. ಅದರ ಮೊಳೆಯ ತುದಿಯನ್ನು ಬೋಟಿಗೆ ಒತ್ತಿದರೆ ಮುಳ್ಳು ಓಡಿ ಗಡಸು ಎಷ್ಟು ಅಂತ ತೋರಿಸುತ್ತದೆ. ನನ್ನ ಹಳೆಯ ಬೋಟಿಗೆ ಒತ್ತಿದ. ಮುಳ್ಳು ಹಾರಿತು. "ಇದನ್ನ ಯಾರಮ್ಮ ಕಟ್ಟಿದ್ದು? ಸೋರ್ತಿರೋದು ಬರೀ ಸ್ಕ್ರೂ ತೂತು, ಮೈ ಇನ್ನೂ ಕಬ್ಬಿಣ ಇದ್ದಂಗಿದೆ" ಅಂದ. ನನ್ನ ತಮ್ಮ ಅಂದೆ. ಹೊಸದಕ್ಕೆ ಒತ್ತಿದ. ಮುಳ್ಳು ಅಲ್ಲಾಡಿ ಸುಮ್ಮನಾಯಿತು. "ಇದು ಅರೆಬೆಂದಿದೆ. ಬಣ್ಣ ಹೊಡೆದ್ರೆ ಬೇಯಲ್ಲ. ಇದನ್ನ ಯಾರು ಕಟ್ಟಿದ್ದು?" ಅಂದ. ಅವನಿಗೆ ಕಾಫಿ ತರಲು ಒಳಗೆ ಹೋದೆ.

ಆ ಉಪಕರಣ ಕೊಂಡುಕೋ. ಮೇಸ್ತ್ರಿಯ ಕೈಗೆ ಕೊಡು. ಮೂಗು ಹೋಯಿತು ಅಂತ ಅವನಿಗೂ ಕೆಲಸದವರಿಗೂ ನಿನ್ನ ಬಾಯಿಂದಲೇ ಹೇಳು. ನಗುತ್ತಾರೆ ಅಂತ ತಾನೆ ನಿನ್ನ ಭಯ? ನಗಲಿ. ನಿನ್ನ ಗೆಳೆಯ ಬಡಗಿಗೆ ಎರಡು ಬೆರಳಿಲ್ಲ, ಅವನು ಮಾಡಿದ ಬಾಗಿಲಲ್ಲಿ ಯಾರೂ ಹೋಗುವುದಿಲ್ಲವೇ? ಅಚ್ಚಿನಲ್ಲಿರುವುದನ್ನು ನೀನು ಮೂಸಿ ಎತ್ತಿಸಬೇಡ. ಡಾಕ್ಟರ ಹತ್ತಿರ ಹೋಗು. ಹೆಂಡತಿಯನ್ನೂ ಕರೆದುಕೊಂಡು ಹೋಗು, ಡಾಕ್ಟರು ಹೇಳಿದ್ದನ್ನು ನೀನು ಅರ್ಧ ಮರೆತು ಬರುತ್ತೀ.

ನನ್ನ ಬೋಟಿನ ಚಿಂತೆ ಬಿಡು. ಅದು ದಡದಲ್ಲಿದೆ, ಯಾರನ್ನೂ ಮುಳುಗಿಸುವುದಿಲ್ಲ. ಸೊಸೆ ಹಳೆಯದರ ಸ್ಕ್ರೂ ಬದಲಾಯಿಸಿ ತೂತು ಮುಚ್ಚಿಸುತ್ತಾಳೆ. ಇನ್ನೊಂದು ವರ್ಷ ನೂಕುತ್ತೇವೆ.

ನನ್ನ ಚಿಂತೆ ಆ ಎರಡು ಬೋಟಿನದು. ಅವರಿಂದ ದೂರು ಬಂದಿಲ್ಲ ಅಂತ ಬರೆದೆ. ಆಸ್ಪತ್ರೆಯವರಿಗೆ ಮುಚ್ಚಳ ಎತ್ತಿ ಹೊಟ್ಟೆ ನೋಡು ಅಂತ ಹೇಳಿಕೊಟ್ಟವರು ಯಾರು? ಅವರಿಗೆ ತಮ್ಮನಿದ್ದಾನೆಯೇ? ಮಲಗಿಸಿ ಕಟ್ಟಿದ ರೋಗಿ ಬೋಟು ಬಿರಿದರೆ ಏಳಲಾರ. ಆ ಗಂಡ ಹೆಂಡತಿಯೂ ಬಣ್ಣ ನೋಡಿಯೇ ಕೊಂಡಿರುತ್ತಾರೆ. ಅಲೆ ಏಳುವ ತಿಂಗಳು ದೂರವಿಲ್ಲ. ಎರಡನ್ನೂ ನೀರಿನಿಂದ ಮೇಲೆ ಎಳೆಯಬೇಕು ಅಂತ ಅವರಿಗೆ ಹೇಳಬೇಕಾದವನು ನೀನು. ಕಾರಣವನ್ನೂ ಹೇಳಬೇಕು. ಹೇಳಿದರೆ ಆ ಮೂರು ಆರ್ಡರ್ ಹೋಗಬಹುದು. ಶೆಡ್ಡೇ ಮುಚ್ಚಬಹುದು. ಗೊತ್ತಿದ್ದೇ ಹೇಳುತ್ತಿದ್ದೇನೆ. ಮುಚ್ಚಿದರೆ ಇಬ್ಬರೂ ಇಲ್ಲಿಗೆ ಬನ್ನಿ. ಟಿಕೆಟ್ ಹರಿಯಲು ಒಬ್ಬರು ಬೇಕು, ಹಗ್ಗ ಹಿಡಿಯಲು ಒಬ್ಬರು ಬೇಕು. ನನ್ನ ಮೊಣಕಾಲು ಈ ವರ್ಷ ಎರಡನ್ನೂ ಒಲ್ಲೆ ಅನ್ನುತ್ತಿದೆ.

ಸುತ್ತಿ ಬಳಸಿ ಬರೆಯಬೇಡ. ಅವರಿಬ್ಬರಿಗೂ ಹೇಳಿದೆಯೋ ಇಲ್ಲವೋ, ಅಷ್ಟು ಬರೆ. ಏಪ್ರಿಲ್ ಇಪ್ಪತ್ತೆಂಟರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು. ಬರದಿದ್ದರೆ ಇಪ್ಪತ್ತೊಂಬತ್ತಕ್ಕೆ ನಾನೇ ಅವರಿಗೆ ಬರೆಯುತ್ತೇನೆ.

ಅಕ್ಕ